ಪ್ರಾರ್ಥನೆಗೆ ಮಾತು ಸಿಗದಾಗ: ಸಂತರು ಕಲಿತ ಬಗೆ

ಬೆಟ್ಟದ ಮೆಟ್ಟಿಲು ಹತ್ತಿ ಬರುವಾಗ ಯಾತ್ರಿಕರ ಮನಸ್ಸಿನಲ್ಲಿ ಹೇಳಿಕೊಳ್ಳಬೇಕಾದ ಮಾತು ನೂರಾರು ಇರುತ್ತವೆ. ಮಗನ ಕೆಲಸ, ಮಗಳ ಮದುವೆ, ಆಸ್ಪತ್ರೆಯ ಚೀಟಿ, ತೀರದ ಸಾಲ. ಆದರೆ ಮೇಣದ ಬತ್ತಿ ಹಚ್ಚಿ ಮೊಣಕಾಲೂರಿದ ಕೂಡಲೇ ಎಲ್ಲ ಮರೆತುಹೋಗುತ್ತದೆ. ಬಾಯಿಗೆ ಬರುವುದು ಚಿಕ್ಕಂದಿನಲ್ಲಿ ಕಲಿತ ಎರಡು ಮಂತ್ರ ಮಾತ್ರ. ಅದನ್ನು ಹೇಳುವಾಗಲೂ ಮನಸ್ಸು ಚಪ್ಪಲಿ ಬಿಟ್ಟ ಕಡೆಗೋ ಬಸ್ಸಿನ ವೇಳೆಯ ಕಡೆಗೋ ಓಡುತ್ತಿರುತ್ತದೆ. “ನನಗೆ ಪ್ರಾರ್ಥನೆ ಮಾಡೋಕೆ ಬರೋದಿಲ್ಲ, ನನ್ನಂಥವನ ಮಾತು ದೇವರಿಗೆ ಯಾಕೆ ಬೇಕು” ಅಂತ ತಿಳಿದು ಕ್ರಮೇಣ ಪ್ರಾರ್ಥನೆಯನ್ನೇ ಬಿಟ್ಟುಬಿಡುವವರೂ ಇದ್ದಾರೆ. ಅಂಥವರು ಆವಿಲಾದ ಸಂತ ತೆರೇಸಮ್ಮನವರ ಜೀವನವನ್ನು ತಿಳಿದುಕೊಳ್ಳಬೇಕು.

ಸ್ಪೇನ್ ದೇಶದ ಆವಿಲಾ ಪಟ್ಟಣದಲ್ಲಿ 1515ರಲ್ಲಿ ಹುಟ್ಟಿದ ಇವರು ಇಪ್ಪತ್ತರ ಪ್ರಾಯದಲ್ಲಿ ಕಾರ್ಮೆಲ್ ಸಭೆಯ ಮಠವನ್ನು ಸೇರಿದರು. ಧರ್ಮಸಭೆಯ ಪಂಡಿತರೆಂಬ ಬಿರುದು ಪಡೆದ ಮೊದಲ ಮಹಿಳೆ ಇವರೇ (1970). ಪ್ರಾರ್ಥನೆಯ ಗುರು ಎಂದು ಲೋಕವೆಲ್ಲ ಹೊಗಳುವ ಈ ತಾಯಿ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವ ವಿಷಯ ಓದಿದರೆ ಆಶ್ಚರ್ಯವಾಗುತ್ತದೆ. ಸುಮಾರು ಹದಿನೆಂಟು ವರ್ಷ ಕೈಯಲ್ಲಿ ಒಂದು ಪುಸ್ತಕ ಇಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯವೇ ಅವರಿಗೆ ಇರಲಿಲ್ಲವಂತೆ. ಪುಸ್ತಕ ಇಲ್ಲದ ದಿನ ಯೋಚನೆಗಳು ದಿಕ್ಕಾಪಾಲು. ಎಷ್ಟೋ ಸಲ ಮನಸ್ಸು ದೇವರ ಕಡೆಗಿರದೆ, ಗಡಿಯಾರ ಯಾವಾಗ ಹೊಡೆಯುತ್ತೋ, ಈ ಗಂಟೆ ಯಾವಾಗ ಮುಗಿಯುತ್ತೋ ಅಂತ ಕಾಯುತ್ತಿತ್ತು!

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಧ್ಯಾನಪ್ರಾರ್ಥನೆ ಮಾಡುವುದನ್ನು ತೆರೇಸಮ್ಮ ತಮ್ಮ ತಂದೆಗೆ ಕಲಿಸಿದ್ದರು, ಪುಸ್ತಕಗಳನ್ನೂ ಕೊಟ್ಟಿದ್ದರು. ತಂದೆ ಶ್ರದ್ಧೆಯಿಂದ ಕಲಿತು ಮುಂದೆ ಹೋದರು. ಆದರೆ ಕಲಿಸಿದ ಮಗಳೇ, ನಾನು ಯೋಗ್ಯಳಲ್ಲ ಎಂದುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಟ್ಟುಬಿಟ್ಟಿದ್ದರು. ತಂದೆ ಮಠಕ್ಕೆ ಬಂದಾಗ ಆರೋಗ್ಯ ಸರಿಯಿಲ್ಲ ಎಂದು ನೆಪ ಹೇಳಿದರು. ಪಾಪ, ಅವರು ಅದನ್ನೇ ನಂಬಿ ಮಗಳ ಬಗ್ಗೆ ಮರುಗಿದರು. 1543ರಲ್ಲಿ ತಂದೆ ತೀರಿಕೊಂಡ ಮೇಲೆ, ಅವರ ಪಾಪನಿವೇದನೆ ಕೇಳುತ್ತಿದ್ದ ದೊಮಿನಿಕನ್ ಗುರುಗಳ ಬಳಿ ತೆರೇಸಮ್ಮ ನಿಜ ಹೇಳಿಕೊಂಡರು. ಯಾವ ಕಾರಣಕ್ಕೂ ಪ್ರಾರ್ಥನೆ ಬಿಡಬೇಡ ಎಂದರು ಗುರುಗಳು. ಅಂದು ಮತ್ತೆ ಹಿಡಿದದ್ದನ್ನು ಅವರು ಸಾಯುವವರೆಗೂ ಬಿಡಲಿಲ್ಲ. ತಾನು ದೀನತೆ ಎಂದುಕೊಂಡದ್ದು ಸೈತಾನನ ಮೋಸವಾಗಿತ್ತು ಎಂದು ಮುಂದೆ ಬರೆದರು.

ಮತ್ತೆ ಹಿಡಿದ ಕೂಡಲೇ ಎಲ್ಲ ಸರಿಹೋಯಿತೇ? ಇಲ್ಲ. ಇನ್ನೂ ಸುಮಾರು ಹತ್ತು ವರ್ಷ ಹಾಗೂ ಹೀಗೂ ನಡೆಯಿತು. 1554ರ ಸುಮಾರಿಗೆ ಮಠದಲ್ಲಿದ್ದ ಗಾಯಗೊಂಡ ಯೇಸುಸ್ವಾಮಿಯ ಸ್ವರೂಪವನ್ನು ಕಂಡು ಅವರು ಅತ್ತು ಅಡ್ಡಬಿದ್ದರು. ಅದೇ ಕಾಲದಲ್ಲಿ ಸಂತ ಅಗಸ್ಟೀನರು ತಮ್ಮ ಬಾಳಿನ ಕಥೆ ಹೇಳಿಕೊಂಡ ಪುಸ್ತಕ ಅವರ ಕೈಗೆ ಬಂತು. ಆ ಪುಸ್ತಕದ ವಿಶೇಷ ಏನೆಂದರೆ, ಅಗಸ್ಟೀನರು ಅದನ್ನು ಮೊದಲಿನಿಂದ ಕೊನೆಯವರೆಗೆ ದೇವರಿಗೇ ಹೇಳುತ್ತಿರುವ ಹಾಗೆ ಬರೆದಿದ್ದಾರೆ. ಸಾವಿರದ ನೂರೈವತ್ತು ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಒಬ್ಬರು ಮಾಡಿದ ಪ್ರಾರ್ಥನೆಯಲ್ಲಿ ಈ ಸ್ಪೇನಿನ ಹೆಂಗಸು ತನ್ನದೇ ಕಥೆಯನ್ನು ಕಂಡಳು.

ತೆರೇಸಮ್ಮ ಹೇಳಿಕೊಟ್ಟ ಕ್ರಮ ನಮ್ಮ ರೈತರಿಗೆ ಕೂಡಲೇ ಅರ್ಥವಾಗುವಂಥದ್ದು. ಮನಸ್ಸು ಒಂದು ತೋಟ, ಅದಕ್ಕೆ ನೀರು ಹಾಯಿಸುವ ಬಗೆ ನಾಲ್ಕು. ಮೊದಲನೆಯದು ಬಾವಿಯಿಂದ ಸೇದಿ ಸೇದಿ ಹೊಯ್ಯುವುದು. ರಟ್ಟೆ ಸೋತುಹೋಗುತ್ತದೆ, ನೀರು ಸ್ವಲ್ಪವೇ. ಎರಡನೆಯದು ಗಾಲಿಯ ರಾಟೆ, ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯ ಅಥವಾ ತೊರೆಯ ನೀರು ತಾನಾಗಿ ತೋಟಕ್ಕೆ ಹರಿಯುವುದು. ನಾಲ್ಕನೆಯದು ಮಳೆ. ಮಳೆ ತರಿಸುವುದು ಯಾರ ಕೈಯಲ್ಲೂ ಇಲ್ಲ, ಸೇದುವುದು ಮಾತ್ರ ನಮ್ಮ ಕೈಯಲ್ಲಿದೆ. ಬಾವಿಯೇ ಬತ್ತಿ ಬರೀ ಕೊಡ ಮೇಲೆ ಬಂದರೆ? ಆಗಲೂ ತೋಟದ ಒಡೆಯನ ಸಂತೋಷಕ್ಕಾಗಿ ಹಗ್ಗ ಬಿಡಬಾರದು ಎನ್ನುತ್ತಾರೆ ಅವರು. ಹದಿನೆಂಟು ವರ್ಷ ಒಣಬಾವಿ ಸೇದಿದವರ ಮಾತಿದು, ಉಪದೇಶಕ್ಕೆಂದು ಹೇಳಿದ್ದಲ್ಲ.

1562ರಲ್ಲಿ ಆವಿಲಾದಲ್ಲಿ ಸಂತ ಜೋಸೆಫರ ಹೆಸರಿನ ಪುಟ್ಟ ಮಠವನ್ನು ತೆರೇಸಮ್ಮ ಸ್ಥಾಪಿಸಿದರು. (ಅವರ ಸಭೆಯ ಸಹೋದರಿಯರು 1870ರಲ್ಲಿ ಹಡಗು ಹತ್ತಿ ನಮ್ಮ ಮಂಗಳೂರಿಗೂ ಬಂದರು.) ಆ ಮಠದ ಸಹೋದರಿಯರು ಪ್ರಾರ್ಥನೆ ಕಲಿಸಿರೆಂದು ಕೇಳಿದಾಗ ಅವರು ಒಂದು ಪುಸ್ತಕವನ್ನೇ ಬರೆದುಕೊಟ್ಟರು. ಅದರಲ್ಲಿ ಹೊಸ ಮಂತ್ರ ಏನೂ ಇಲ್ಲ. ಪುಸ್ತಕದ ಕಡೆಯ ಭಾಗ ಪೂರ್ತಿ, ಎಲ್ಲರಿಗೂ ಬಾಯಿಪಾಠವಾಗಿರುವ ಪರಲೋಕ ಮಂತ್ರದ ವಿವರಣೆ! ಯಾರ ಜೊತೆ ಮಾತಾಡುತ್ತಿದ್ದೇನೆ, ಮಾತಾಡುತ್ತಿರುವ ನಾನು ಯಾರು ಎಂದು ನೆನೆದು ಅದನ್ನು ನಿಧಾನವಾಗಿ ಹೇಳಿರಿ ಎಂದರು. ವಯಸ್ಸಾದ ಒಬ್ಬ ಸಹೋದರಿಯ ವಿಷಯವೂ ಅಲ್ಲಿದೆ. ಆಕೆಗೆ ಧ್ಯಾನ ಎಂಬುದು ಬರುತ್ತಲೇ ಇರಲಿಲ್ಲ, ಬಾಯಲ್ಲಿ ಪರಲೋಕ ಮಂತ್ರ ಹೇಳಿಕೊಳ್ಳುವುದಷ್ಟೇ ಗೊತ್ತು. ಅದನ್ನೇ ದುಃಖದಿಂದ ತೆರೇಸಮ್ಮನ ಹತ್ತಿರ ಹೇಳಿಕೊಂಡಳು. ಹೇಗೆ ಹೇಳಿಕೊಳ್ಳುತ್ತೀ ಎಂದು ವಿಚಾರಿಸಿದಾಗ, ಆ ಒಂದೇ ಮಂತ್ರದಲ್ಲಿ ಆಕೆ ದೊಡ್ಡ ಧ್ಯಾನಿಗಳ ಮಟ್ಟಕ್ಕೆ ಏರಿದ್ದು ತಿಳಿಯಿತು. ತೆರೇಸಮ್ಮನವರಿಗೇ ಅಸೂಯೆಯಾಯಿತಂತೆ.

ಅದೇ ಸಭೆಯಲ್ಲಿ ಮುನ್ನೂರು ವರ್ಷದ ನಂತರ ಬಂದ ಫ್ರಾನ್ಸಿನ ಚಿಕ್ಕ ತೆರೇಸಾ (1873–1897) ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದರು. ಒಬ್ಬರೇ ಕೂತು ಜಪಸರ ಮಾಡುವುದು ಅವರಿಗೆ ಬಲು ಕಷ್ಟ. ತಂದೆತಾಯಿಗೆ ಮಕ್ಕಳು ನಿದ್ದೆ ಮಾಡಿದರೂ ಪ್ರೀತಿಯೇ ಎಂದು ಸಮಾಧಾನ ಮಾಡಿಕೊಂಡರು. ಮನಸ್ಸು ತೀರಾ ಒಣಗಿದಾಗ ಅವರು ಹಿಡಿದ ದಾರಿಯೂ ಅದೇ: ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ, ಬಹಳ ನಿಧಾನವಾಗಿ.

ಇನ್ನು ಕುಳಿತು ಪ್ರಾರ್ಥಿಸಲು ಪುರುಸೊತ್ತೇ ಇಲ್ಲದವರು ಉಂಟು. ಕ್ರಿ.ಶ. 410ರಲ್ಲಿ ರೋಮ್ ನಗರ ಶತ್ರುಗಳ ಕೈಗೆ ಸಿಕ್ಕಾಗ ಪ್ರೋಬಾ ಎಂಬ ಶ್ರೀಮಂತ ವಿಧವೆ ಆಫ್ರಿಕಾಕ್ಕೆ ಓಡಿಬಂದರು. ಹೇಗೆ ಪ್ರಾರ್ಥಿಸಲಿ ಎಂದು ಆಕೆ ಅಗಸ್ಟೀನರನ್ನು ಕೇಳಿದ್ದಕ್ಕೆ ಅವರು ಉದ್ದನೆಯ ಕಾಗದವನ್ನೇ ಬರೆದರು. ದೇವರಿಗೆ ವಿಷಯ ತಿಳಿಸಲಿಕ್ಕೆ ಮಾತು ಬೇಕಾಗಿಲ್ಲ, ನಮ್ಮ ಬಯಕೆಯನ್ನು ಎಚ್ಚರಿಸಲಿಕ್ಕೆ ಬೇಕು ಎನ್ನುವುದು ಅದರ ತಾತ್ಪರ್ಯ. ಈಜಿಪ್ಟಿನ ಸನ್ಯಾಸಿಗಳು ಬಾಣ ಬಿಟ್ಟ ಹಾಗೆ ಚಿಕ್ಕ ಚಿಕ್ಕ ಪ್ರಾರ್ಥನೆಗಳನ್ನು ಆಗಾಗ ಹೇಳುತ್ತಿದ್ದರೆಂದೂ ಅದರಲ್ಲಿ ಬರುತ್ತದೆ. ಕೀರ್ತನೆಯ ಒಂದೇ ಸಾಲು ಸಾಕು. ಗದ್ದೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಿಂತೇ ಹೇಳಬಹುದು.

ಹಳಬರ ಪ್ರಾರ್ಥನೆ ಹೇಳುವಾಗ ಅದು ಯಾರದು ಎಂದು ತಿಳಿದಿರುವುದು ಒಳ್ಳೆಯದು. ಅಂಗಡಿಗಳಲ್ಲಿ ಚಿತ್ರದ ಹಿಂದೆ ಅಚ್ಚಾಗಿ ಬರುವ, ಶಾಂತಿಯ ಸಾಧನವಾಗಿಸು ಎಂದು ಬೇಡುವ ಪ್ರಾರ್ಥನೆ ಅಸ್ಸೀಸಿಯ ಸಂತ ಫ್ರಾನ್ಸಿಸರ ಹೆಸರಿನಲ್ಲಿದೆ. ಆದರೆ ಅದು ಮೊದಲು ಕಾಣಿಸಿಕೊಂಡದ್ದು 1912ರಲ್ಲಿ ಪ್ಯಾರಿಸಿನ ಒಂದು ಚಿಕ್ಕ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಹಾಗಂತ ಅದನ್ನು ಬಿಡಬೇಕಾಗಿಲ್ಲ. ಹೆಸರು ಹಾಕಿಕೊಳ್ಳದ ಯಾರೋ ಒಬ್ಬರ ಪ್ರಾರ್ಥನೆಯೂ ಇಷ್ಟು ದೂರ ನಡೆದು ಬಂದಿದೆಯಲ್ಲ!

ಪ್ಯಾರಿಸಿನಲ್ಲೇ 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಕೂಡ ಕಾರ್ಮೆಲ್ ಸಭೆಯವರು. ಮೊದಲು ಸಿಪಾಯಿ, ಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿದ್ದು ಕುಂಟಾದವರು. ಕ್ರಮವಾಗಿ ಧ್ಯಾನ ಮಾಡುವುದು ಅವರಿಗೂ ಒಗ್ಗಲಿಲ್ಲ. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆ ಕೆಲಸ, ಅದು ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಒಲೆಯ ಮುಂದೆಯೇ ದೇವರೊಡನೆ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡರು. ಬಾಣಲೆ ಇಳಿಸುವಾಗ ಒಂದು ಮಾತು, ನೆಲದಲ್ಲಿ ಬಿದ್ದ ಹುಲ್ಲುಕಡ್ಡಿ ಎತ್ತುವಾಗ ಒಂದು ಮಾತು. ಕಾಲುನೋವಿಂದ ನಿಂತು ಅಡುಗೆ ಮಾಡಲು ಆಗದಿದ್ದಾಗ ಅವರನ್ನು ಚಪ್ಪಲಿ ಹೊಲಿಯುವ ಕೆಲಸಕ್ಕೆ ಹಾಕಿದರು. ಮಠದವರು ತಂದುಕೊಟ್ಟ ಕಿತ್ತ ಚಪ್ಪಲಿಗಳನ್ನು ಸರಿಮಾಡುತ್ತಾ ಅಲ್ಲಿಯೂ ಅದೇ ಮಾತುಕತೆ ಮುಂದುವರಿಸಿದರು.