ಜಗಲಿಯ ಕುಂಡಗಳಲ್ಲಿ ಸೊಪ್ಪು ತರಕಾರಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಗಳಲ್ಲಿ ಅಂತರ್ಜಲವು ಬಹಳ ಕೆಳಕ್ಕಿಳಿದಿರುವುದರಿಂದ ಬೇಸಗೆಯಲ್ಲಿ ಹಿತ್ತಲ ಪಾತಿಗಳಿಗೆ ನೀರೊದಗಿಸುವುದು ಕಷ್ಟ. ಆದರೂ ಅಕ್ಕಿ, ಬೇಳೆ ತೊಳೆದ ನೀರಿನಿಂದಲೇ ಜಗಲಿಯ ಮೇಲೆ ನಾಲ್ಕಾರು ಕುಂಡಗಳಲ್ಲಿ ಮನೆಮಟ್ಟಿಗೆ ಸೊಪ್ಪನ್ನು ಬೆಳೆದುಕೊಳ್ಳಬಹುದು. ಇಲ್ಲಿಯ ಕೆಂಪು ಮಣ್ಣನ್ನು ಮಾತ್ರ ತುಂಬಿದರೆ ಅದು ಬೇಗನೆ ಗಟ್ಟಿಕಟ್ಟಿ ನೀರನ್ನು ಒಳಬಿಡದು. ಆದುದರಿಂದ ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಒಂದು ಪಾಲು ಮರಳನ್ನೂ ಬೆರಸಿ, ತಳದ ರಂಧ್ರದ ಮೇಲೆ ಹೆಂಚಿನ ಚೂರನ್ನು ಕವುಚಿಟ್ಟು ತುಂಬತಕ್ಕದ್ದು. ರಂಧ್ರವಿಲ್ಲದ ಡಬ್ಬಗಳಲ್ಲಿ ನೀರು ನಿಂತು ಬೇರು ಕೊಳೆಯುವುದು.

ಮೆಂತ್ಯ, ಕೊತ್ತಂಬರಿಗಳಿಗೆ ಅರ್ಧ ಅಡಿ ಮಣ್ಣು ಸಾಕು. ಬದನೆ, ಮೆಣಸಿನ ಗಿಡಗಳಿಗೆ ಒಂದಡಿ ಬೇಕು. ಕೊತ್ತಂಬರಿ ಬೀಜವನ್ನು ಇಬ್ಭಾಗವಾಗುವಂತೆ ಉಜ್ಜಿ ಬಿತ್ತಬೇಕು. ಇಡಿಯಾಗಿ ಹಾಕಿ, ಸರಿಯಾಗಿ ಮೊಳೆಯಲಿಲ್ಲವೆಂದು ಬೀಜವನ್ನೇ ದೂರುವವರು ಬಹಳ. ಉಪ್ಪು ಅಥವಾ ಸಾಬೂನು ಬೆರೆತ ನೀರನ್ನು ಮಾತ್ರ ಹುಯ್ಯಕೂಡದು.