ಭದ್ರೆಯ ದಂಡೆಗೆ ಹೋಗಿ ಬಂದೆವು

ನಮ್ಮ ಕಲಿಕಾ ಕೇಂದ್ರದ ಅಕ್ಕಂದಿರಿಗೆ ಭದ್ರಾ ಅಣೆಕಟ್ಟು ನೋಡುವ ಆಸೆ. ಒಂದು ದಿನ ಬುತ್ತಿ ಕಟ್ಟಿಕೊಂಡು ಅಜ್ಜಂಪುರದಿಂದ ಟೆಂಪೋದಲ್ಲಿ ಹೊರಟೆವು. ದಾರಿಯಲ್ಲಿ ಸಿಗುವ ಬೋರ್ಡುಗಳನ್ನು ಓದಿಕೊಂಡು ಹೋಗುವುದು ಅಂತ ಮೊದಲೇ ಮಾತಾಗಿತ್ತು. "ತ... ರೀ... ಕೆ..." ಅನ್ನುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತಿತ್ತು. "ನಿಧಾನ ಹೊಡಿಯಪ್ಪಾ, ಓದಾಕೆ ಬಿಡು" ಎಂದು ಡ್ರೈವರನಿಗೆ ಜೋರು ಮಾಡಿದರು. ಆಮೇಲೆ ಅವನೇ ಬೋರ್ಡು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದ!

ಅಜ್ಜಂಪುರದ ಕಡೆ ಬಯಲು. ಈರುಳ್ಳಿ, ರಾಗಿ ಹೊಲ. ಮಳೆ ಬಂದರೆ ಬೆಳೆ. ತರೀಕೆರೆ ಬಂದಂತೆ ಅಡಿಕೆ, ತೆಂಗಿನ ತೋಟ. ಅದರಾಚೆ ಬೆಟ್ಟ.

ಅಮೃತಾಪುರದಲ್ಲಿ ಇಳಿದೆವು. ಅಲ್ಲಿನ ಅಮೃತೇಶ್ವರ ದೇವಸ್ಥಾನ 1196ರದು. ಹೊಯ್ಸಳರ ವೀರಬಲ್ಲಾಳನ ಕಾಲದ್ದು. ಅಲ್ಲಿ ಜನ್ನ ಕವಿ ಬರೆದ ಶಾಸನ ಇದೆ. ಅಕ್ಕಂದಿರು ಬಗ್ಗಿ ನೋಡಿ, "ಇದು ರ ಇರಬೇಕು" ಎಂದು ಗೊತ್ತಿರುವ ಅಕ್ಷರ ಹುಡುಕಿದರು. ಅದು ಹಳೆಯ ಕಾಲದ ಬರಹ. ಕಲಿಸುವ ನಮಗೂ ಓದಲು ಬರಲಿಲ್ಲ. ಅದನ್ನು ಕಂಡು ಎಲ್ಲರಿಗೂ ಖುಷಿಯೋ ಖುಷಿ.

ಲಕ್ಕವಳ್ಳಿಯ ಬೋರ್ಡನ್ನು ಮೊದಲು ಓದಿದ್ದು ನಮ್ಮ ಗುಂಪಿನ ಅಜ್ಜಿ. ಒತ್ತಕ್ಷರ ಕೂಡ ತಪ್ಪಲಿಲ್ಲ.

ಬೆಟ್ಟಗಳ ನಡುವೆ ಕಣ್ಣು ಹಾಯಿಸಿದಷ್ಟೂ ನೀರು. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ. ತುಂಗೆ, ನೇತ್ರಾವತಿ ಹುಟ್ಟುವುದೂ ಅಲ್ಲೇ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಇಲ್ಲಿಗೆ ಬರುತ್ತಾಳೆ. ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಅಣೆಕಟ್ಟಿನ ಕೆಲಸ ಮುಗಿದದ್ದು 1965ರಲ್ಲಿ. ಪೂರ್ತಿ ತುಂಬಿದರೆ 186 ಅಡಿ. ದಾವಣಗೆರೆ ಕಡೆಯ ಗದ್ದೆಗಳಿಗೆ ಇದೇ ನೀರು.

ಎಲ್ಲರೂ ಬುತ್ತಿ ಬಿಚ್ಚಿದೆವು. ಅಜ್ಜಿ ಮಾತ್ರ ಉಣ್ಣಲಿಲ್ಲ. ನೀರನ್ನೇ ನೋಡುತ್ತಿದ್ದರು.

"ನಾ ಹುಟ್ಟಿದ ಊರು ಆ ಗುಡ್ಡದ ಬುಡದಾಗಿತ್ತು ಕಣವ್ವ. ಡ್ಯಾಮು ಕಟ್ಟಿದಾಗ ಮುಳುಗ್ತು. ನಾನಾಗ ಸಣ್ಣೋಳು. ಮನೆ ಮುಂದಿನ ಹುಣಸೇಮರ ನೆನಪೈತೆ. ಅಷ್ಟೇಯ."

ಯಾರಿಗೂ ಮಾತು ಹೊರಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯೇ ಕೇಳಿದರು. "ಈ ನೀರು ನಮ್ಮ ಕಡೀಗೂ ಬರ್ತದಂತಲ್ಲ, ಹೌದಾ?"

ಹೌದು. ಅದು ಭದ್ರಾ ಮೇಲ್ದಂಡೆ ಯೋಜನೆ. ಪಂಪಿನಿಂದ ನೀರನ್ನು ಮೇಲೆತ್ತುತ್ತಾರೆ. ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದಿದ್ದಾರೆ. ಅದರೊಳಗಿಂದ ಹರಿದ ನೀರು 2019ರಲ್ಲಿ ವೇದಾವತಿ ಹೊಳೆಯ ವಾಣಿವಿಲಾಸ ಸಾಗರಕ್ಕೆ ಹೋಯಿತು. ಮಳೆಯೂ ಚೆನ್ನಾಗಿ ಆಗಿ, 2022ರಲ್ಲಿ ಆ ಸಾಗರ ಕೋಡಿ ಬಿತ್ತು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ!

"ದೂರದ ಸಾಗರ ತುಂಬ್ತು. ನಮ್ಮೂರ ಕೆರೆ?" ಎಂದರು ಒಬ್ಬ ಅಕ್ಕ. ಈ ಪ್ರಶ್ನೆ ಬರೆದು ಪಂಚಾಯಿತಿಗೆ ಕೊಡುವುದು ಅಂತ ಅಲ್ಲೇ ತೀರ್ಮಾನ ಆಯಿತು. ಅರ್ಜಿಗೆ ಹೆಬ್ಬೆಟ್ಟು ಒತ್ತುವುದು ಬೇಡ, ಎಲ್ಲರೂ ಸಹಿ ಮಾಡೋಣ ಎಂದರು.

ವಾಪಸ್ ಬರುವಾಗ ಕತ್ತಲಾಗಿತ್ತು. ಬೋರ್ಡು ಕಾಣುತ್ತಿರಲಿಲ್ಲ. ಅಜ್ಜಿ ಮಡಿಲಿನಿಂದ ನೋಟ್‌ಬುಕ್ ತೆಗೆದು ನಮಗೆ ಕೊಟ್ಟರು. ಮುಳುಗಿದ ಊರಿನ ಹೆಸರು ಬರೆದಿದ್ದರು. ಒಂದು ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿತ್ತು. ಕೊಂಬು ಹಾಕಿ ಕೊಟ್ಟೆವು.

ನೀವೂ ಬರೆಯಿರಿ: ನೀವು ಹುಟ್ಟಿದ ಊರು ಯಾವುದು? ಅಲ್ಲಿನ ಹೊಳೆಯ ಅಥವಾ ಕೆರೆಯ ಹೆಸರೇನು?