ಗದ್ದಲದ ನಗರದಲ್ಲಿ ನಿದ್ರೆಗೊಂದು ಮನೆ

ಬೀಳಗಿ, ಮುಧೋಳ, ಜಮಖಂಡಿ ಭಾಗದ ಅನೇಕ ಮನೆತನಗಳ ಮಕ್ಕಳು ಇಂದು ಉದ್ಯೋಗಕ್ಕಾಗಿಯೋ ಓದಿಗಾಗಿಯೋ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಬಾಡಿಗೆ ಮನೆ ಹುಡುಕುವಾಗ ಅವರು ವಿಚಾರಿಸುವ ಸಂಗತಿಗಳು ನಾಲ್ಕಾರು: ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಬರುವುದೇ, ಕಚೇರಿ ಎಷ್ಟು ದೂರ. ‘ಈ ಮನೆಯಲ್ಲಿ ರಾತ್ರಿ ನಿದ್ರೆ ಬರುವುದೇ?’ ಎಂದು ಕೇಳುವವರು ವಿರಳ. ಆದರೆ ಆರೋಗ್ಯದ ದೃಷ್ಟಿಯಿಂದ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ಈ ಸಂಚಿಕೆಯಲ್ಲಿ ಅದನ್ನೇ ವಿಚಾರ ಮಾಡೋಣ.

ನಮಗೆ ಪರಿಚಿತರಾದ ಬೀಳಗಿ ತಾಲ್ಲೂಕಿನ ತಾಯಿಯೊಬ್ಬರು ಮೊಣಕಾಲು ನೋವಿನ ಚಿಕಿತ್ಸೆಗೆಂದು ಬೆಂಗಳೂರಿನ ಮಗನ ಮನೆಗೆ ಹೋಗಿದ್ದರು. ಮೇಲ್ಸೇತುವೆಯ ಪಕ್ಕದ ಎರಡನೆಯ ಮಹಡಿ. ಗಾಳಿ ಬೆಳಕು ಚೆನ್ನಾಗಿದ್ದವು. ಹದಿನೈದು ದಿನ ಕಳೆಯುವಷ್ಟರಲ್ಲಿ, ಮಾತ್ರೆಯನ್ನು ತಪ್ಪದೆ ಸೇವಿಸುತ್ತಿದ್ದರೂ ಅವರ ರಕ್ತದೊತ್ತಡ ಏರತೊಡಗಿತು. ವೈದ್ಯರು ನಿದ್ರೆಯ ಬಗ್ಗೆ ವಿಚಾರಿಸಿದಾಗ ಆ ತಾಯಿ ಮಗನ ಮುಖ ನೋಡಿ, “ಮನಿ ಛಲೋ ಐತೆಪಾ, ಆದ್ರ ಕಣ್ಣಿಗೆ ಕಣ್ಣು ಹತ್ತವಲ್ದು. ನಿನಗ ಬ್ಯಾಸರ ಆದೀತಂತ ಹೇಳಲಿಲ್ಲ” ಎಂದರು. ಮಗನಿಗೆ ಅಂದು ತನ್ನ ತಪ್ಪಿನ ಅರಿವಾಯಿತು. ಆತ ಆ ಮನೆ ಹಿಡಿದದ್ದು ಭಾನುವಾರ ಮಧ್ಯಾಹ್ನ, ಹತ್ತು ನಿಮಿಷ ನೋಡಿ.

ಶಬ್ದ ದೇಹಕ್ಕೆ ಮಾಡುವುದೇನು?

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ನಾವು ಮಲಗಿದರೂ ಕಿವಿ ಕೇಳುತ್ತಲೇ ಇರುತ್ತದೆ. ಹಠಾತ್ತನೆ ಶಬ್ದವಾದಾಗ ಮೆದುಳು ಅದನ್ನು ಅಪಾಯದ ಸೂಚನೆಯೆಂದು ಗ್ರಹಿಸಿ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ರಸದೂತಗಳನ್ನು ಹರಿಯಬಿಡುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಗಾಢನಿದ್ರೆ ತೆಳುವಾಗುತ್ತದೆ. ಪೂರ್ತಿ ಎಚ್ಚರವಾಗದಿದ್ದರೂ ಈ ಕ್ರಿಯೆಗಳು ನಡೆಯುತ್ತವೆ.

‘ನಮಗೆ ರೂಢಿಯಾಗಿದೆ’ ಎಂದು ಹಲವರು ಹೇಳುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆಯೇ ಬೆಳೆದವರು ಹಾಗೆ ಹೇಳುವುದನ್ನು ನಾವು ಕೇಳಿದ್ದೇವೆ. ಮನಸ್ಸಿಗೆ ರೂಢಿಯಾಗುವುದು ನಿಜ. ಹೃದಯ ಮತ್ತು ರಕ್ತನಾಳಗಳಿಗೆ ಅಷ್ಟಾಗಿ ರೂಢಿಯಾಗುವುದಿಲ್ಲ. ವರ್ಷಗಟ್ಟಲೆ ರಸ್ತೆಯ ಗದ್ದಲದಲ್ಲಿ ವಾಸಿಸುವವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸಿದೆ. ಮಕ್ಕಳಲ್ಲಿ ಓದಿನ ಏಕಾಗ್ರತೆ ಕುಂದುತ್ತದೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ ಇರುವವರು, ಗರ್ಭಿಣಿಯರು, ವೃದ್ಧರು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರಬೇಕು.

ಅಳತೆ ಮತ್ತು ಕಾನೂನು

ಶಬ್ದವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಇದು ಸಾಮಾನ್ಯ ಲೆಕ್ಕದಂತಲ್ಲ. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಆದ್ದರಿಂದ 45ಕ್ಕೂ 55ಕ್ಕೂ ಇರುವ ಅಂತರ ಅಲ್ಪವೆಂದು ಭಾವಿಸಬಾರದು.

ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು 2000ನೆಯ ಇಸವಿಯಲ್ಲಿ ಜಾರಿಗೆ ಬಂದವು. ಅವುಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55, ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿನ ಮಿತಿ 50 ಮತ್ತು 40. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪ್ ವಲಯಕ್ಕೆ ನೀಡಿದ ಮಾರ್ಗಸೂಚಿಯಲ್ಲಿಯೂ ರಸ್ತೆಯ ರಾತ್ರಿ ಶಬ್ದಕ್ಕೆ ಸೂಚಿಸಿದ ಮಿತಿ 45 ಡೆಸಿಬೆಲ್ಲೇ. ಮಲಗುವ ಕೋಣೆಯ ಒಳಗೆ 30 ಡೆಸಿಬೆಲ್ ಒಳಗಿದ್ದರೆ ಉತ್ತಮವೆಂದು ಅದೇ ಸಂಸ್ಥೆ 1999ರಲ್ಲಿ ಹೇಳಿತ್ತು.

ಮನೆ ನೋಡುವ ಕ್ರಮ

ನಿಯಮ ಕಾಗದದ ಮೇಲಿದೆ, ಮನೆ ಬೀದಿಯಲ್ಲಿದೆ. ಆದ್ದರಿಂದ ಕಿವಿಯನ್ನೇ ನೆಚ್ಚಿ ಹುಡುಕಬೇಕು. ಆ ಮಗನೊಡನೆ ಎರಡನೆಯ ಸಲ ಮನೆ ಹುಡುಕಲು ನಾವೂ ಓಡಾಡಿದೆವು. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ಒಂದೇ ಮನೆಯನ್ನು ಮೂರು ವೇಳೆಯಲ್ಲಿ ನೋಡಬೇಕು: ಕೆಲಸದ ದಿನ ಬೆಳಿಗ್ಗೆ 8ರ ಸುಮಾರಿಗೆ, ಸಂಜೆ 7ಕ್ಕೆ, ರಾತ್ರಿ 10 ಗಂಟೆಯ ನಂತರ. ರಾತ್ರಿ ಒಳಗೆ ಬಿಡದಿದ್ದರೆ ಹೊರಗೆ ಬೀದಿಯಲ್ಲಿ ಅರ್ಧ ಗಂಟೆ ನಿಂತರೂ ಸಾಕು. ಮನೆಯೊಳಗೆ ಹೋದಾಗ ದಲ್ಲಾಳಿಯ ಮಾತನ್ನು ಐದು ನಿಮಿಷ ನಿಲ್ಲಿಸಿ, ಫ್ಯಾನ್ ಆರಿಸಿ, ಮಲಗುವ ಕೋಣೆಯಲ್ಲಿ ಸುಮ್ಮನೆ ಕುಳಿತುಕೊಳ್ಳಬೇಕು. ಮೊದಲು ಕಿಟಕಿ ತೆರೆದು, ಬಳಿಕ ಮುಚ್ಚಿ ಕೇಳಬೇಕು. ಮೊಬೈಲಿನಲ್ಲಿ ಶಬ್ದ ಅಳೆಯುವ ತಂತ್ರಾಂಶ ನಿಖರವಲ್ಲ. ಆದರೂ ಎರಡು ಮನೆಗಳನ್ನು ಹೋಲಿಸಲು ಉಪಯೋಗಕ್ಕೆ ಬರುತ್ತದೆ.

ಎರಡನೆಯದಾಗಿ, ಮುಖ್ಯರಸ್ತೆಯ ಮೇಲಿನ ಮನೆಗಿಂತ ಅದರ ಹಿಂದಿನ ಅಡ್ಡರಸ್ತೆಯ ಮನೆ ಮೇಲು. ಎದುರಿನ ಕಟ್ಟಡಗಳ ಸಾಲು ಗೋಡೆಯಂತೆ ಶಬ್ದವನ್ನು ತಡೆಯುತ್ತದೆ. ವಾಹನ ಕಣ್ಣಿಗೆ ಕಾಣದಿದ್ದರೆ ಅದರ ಸದ್ದೂ ಬಹಳಷ್ಟು ತಗ್ಗುತ್ತದೆ. ಮರಗಳು ಮನಸ್ಸಿಗೆ ತಂಪು ನೀಡುತ್ತವೆ, ಆದರೆ ಒಂದು ಸಾಲು ಮರ ಶಬ್ದವನ್ನು ಹೆಚ್ಚು ತಡೆಯಲಾರದು. ಮೇಲಿನ ಮಹಡಿ ಸದಾ ಶಾಂತವೆಂಬುದೂ ಸರಿಯಲ್ಲ. ಮೇಲ್ಸೇತುವೆ ಅಥವಾ ಮೆಟ್ರೋ ಮಾರ್ಗದ ಸಮಕ್ಕೆ ಬರುವ ಮಹಡಿಗೆ ಸದ್ದು ನೇರವಾಗಿ ಬಡಿಯುತ್ತದೆ.

ಮೂರನೆಯದಾಗಿ, ಮನೆಯ ಸುತ್ತ ನೂರು ಹೆಜ್ಜೆ ನಡೆದು ನೋಡಬೇಕು. ಕಲ್ಯಾಣ ಮಂಟಪ, ಬಾರು, ಗ್ಯಾರೇಜು, ಬಸ್ ನಿಲ್ದಾಣ, ರೈಲು ಹಳಿ, ಸಿಗ್ನಲ್ ಇವೆಯೇ? ರಸ್ತೆಯುಬ್ಬಿನ ಮುಂದೆ ಪ್ರತಿ ವಾಹನವೂ ಬ್ರೇಕ್ ಹಾಕಿ ಮತ್ತೆ ವೇಗ ಪಡೆಯುತ್ತದೆ. ಏರಿನ ರಸ್ತೆಯಲ್ಲಿ ಗೇರು ಬದಲಿಸಿ ಗರ್ಜಿಸುತ್ತದೆ. ಪಕ್ಕದಲ್ಲಿ ಖಾಲಿ ನಿವೇಶನವಿದ್ದರೆ ಹಿಗ್ಗಬೇಡಿ. ಇಂದಿನ ಖಾಲಿ ನಿವೇಶನವೇ ನಾಳಿನ ಕಟ್ಟಡ ಕಾಮಗಾರಿ. ಕಟ್ಟುವ ಯೋಚನೆ ಇದೆಯೇ ಎಂದು ನೆರೆಯವರಲ್ಲಿ ವಿಚಾರಿಸಿರಿ. ಬೀದಿಯ ಕಿರಾಣಿ ಅಂಗಡಿಯವರು, ಕಟ್ಟಡದ ಕಾವಲುಗಾರರು ದಲ್ಲಾಳಿಗಿಂತ ನಿಜ ಹೇಳುತ್ತಾರೆ.

ನಾಲ್ಕನೆಯದಾಗಿ, ಕಟ್ಟಡದ ಒಳಗಿನ ಸದ್ದು. ಲಿಫ್ಟಿನ ಗೋಡೆ, ನೀರೆತ್ತುವ ಮೋಟಾರು, ಜನರೇಟರು, ಮೆಟ್ಟಿಲು, ಇವು ಮಲಗುವ ಕೋಣೆಗೆ ತಾಗಿರಬಾರದು. ಮೇಲ್ಮನೆಯವರ ಹೆಜ್ಜೆಯ ಸದ್ದನ್ನು ಸಹಿಸಲಾರದವರು ಕಡೆಯ ಮಹಡಿ ನೋಡಬಹುದು. ಬೇಸಿಗೆಯ ಕಾವನ್ನು ಆಗ ತಾಳಿಕೊಳ್ಳಬೇಕಾಗುತ್ತದೆ.

ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯಿದೆ, ಕರಾರು ಪತ್ರ ಸಾಮಾನ್ಯವಾಗಿ 11 ತಿಂಗಳದ್ದು. ಅವಧಿಗೆ ಮೊದಲು ಬಿಟ್ಟರೆ ಎಷ್ಟು ಹಣ ಕಡಿತವಾಗುತ್ತದೆಂಬುದನ್ನು ಓದಿಯೇ ಸಹಿ ಮಾಡಬೇಕು. ಆ ಮಗ ಅದನ್ನು ಓದಿರಲಿಲ್ಲ. ಎರಡು ತಿಂಗಳ ಬಾಡಿಗೆ ಕಳೆದುಕೊಂಡ.

ಇರುವ ಮನೆಯಲ್ಲಿಯೇ

ಎಲ್ಲರಿಗೂ ಮನೆ ಬದಲಿಸುವ ಅನುಕೂಲವಿರುವುದಿಲ್ಲ. ಅಂಥವರು ಮೊದಲು ಹಾಸಿಗೆಯನ್ನು ಹಿಂಬದಿಯ ಕೋಣೆಗೆ ಒಯ್ಯಬೇಕು. ರಸ್ತೆಯ ಕಡೆಯ ಕೋಣೆ ಹಗಲಿನ ಬಳಕೆಗಿರಲಿ. ಶಬ್ದ ನುಗ್ಗುವುದು ಮುಖ್ಯವಾಗಿ ಸಂದುಗಳಿಂದ. ಕಿಟಕಿ ಬಾಗಿಲುಗಳ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ಅಲ್ಪ ಖರ್ಚಿನಲ್ಲಿ ತಕ್ಕಮಟ್ಟಿನ ಪ್ರಯೋಜನವಿದೆ. ದಪ್ಪ ಪರದೆ ಕೋಣೆಯ ಮಾರ್ದನಿಯನ್ನು ತಗ್ಗಿಸುತ್ತದೆ, ಲಾರಿಯ ಗುಡುಗನ್ನಲ್ಲ. ಮೃದುವಾದ ಕಿವಿಬೆಣೆಗಳನ್ನು ಸ್ವಚ್ಛವಾಗಿಟ್ಟುಕೊಂಡು ಬಳಸಬಹುದು. ಕಿವಿ ಸೋರುವವರು, ಮನೆಯಲ್ಲಿ ಕೂಸು ಅಥವಾ ರೋಗಿಯನ್ನು ನೋಡಿಕೊಳ್ಳುವವರು ಬಳಸಬಾರದು. ನಿದ್ರೆಯ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಲೇಬಾರದು.

ನೆರೆಯವರಿಂದ ತೊಂದರೆಯಾದರೆ ಮೊದಲು ಹಗಲಿನಲ್ಲಿ ಸೌಮ್ಯವಾಗಿ ಮಾತನಾಡಬೇಕು. ಬಹಳ ಸಲ ಅವರಿಗೆ ಅದರ ಅರಿವೇ ಇರುವುದಿಲ್ಲ. ಮಾತಿಗೆ ಬಗ್ಗದಿದ್ದರೆ 112ಕ್ಕೆ ಕರೆ ಮಾಡಬಹುದು. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವುದಕ್ಕೂ, ವಸತಿ ಪ್ರದೇಶದಲ್ಲಿ ಕಾಮಗಾರಿಯ ಗದ್ದಲಕ್ಕೂ ನಿಷೇಧವಿದೆ. ಹಬ್ಬ ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡಬಹುದು, ಅಷ್ಟೆ.

ನಮ್ಮ ಊರಿನ ಮಾತು

ಹೊಸ ಮನೆ ಅಡ್ಡರಸ್ತೆಯ ಒಳಗೆ, ಹಿಂಬದಿಗೆ ದೊರೆಯಿತು. ಕಚೇರಿಗೆ ಅರ್ಧ ಗಂಟೆ ಹೆಚ್ಚಿನ ದಾರಿ. ತಾಯಿಗೆ ನಿದ್ರೆ ಮರಳಿತು, ನಸುಕಿನ ಪೂಜೆಗೆ ಮನಸ್ಸು ನಿಲ್ಲತೊಡಗಿತು. ರಕ್ತದೊತ್ತಡವೂ ಹತೋಟಿಗೆ ಬಂದಿತು. ವೈದ್ಯರು ಮಾತ್ರೆಯನ್ನೂ ಬದಲಿಸಿದ್ದರಿಂದ, ಅದೆಲ್ಲ ಮನೆಯ ಫಲವೆಂದು ನಾವು ಹೇಳುವುದಿಲ್ಲ.

ಚಿಕಿತ್ಸೆ ಮುಗಿಸಿ ಆ ತಾಯಿ ಊರಿಗೆ ಬಂದಾಗ ಕಬ್ಬಿನ ಹಂಗಾಮು. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ನಡುರಾತ್ರಿ ಹಾಡು ಹಚ್ಚಿಕೊಂಡು ಮನೆಯ ಮುಂದೆಯೇ ಸಾಗುತ್ತಿದ್ದವು. ಬೆಂಗಳೂರಿನ ಸದ್ದನ್ನು ದೂರುವ ನಾವು ಇದನ್ನೂ ನೋಡಬೇಡವೇ? ಊರೊಳಗೆ ಬರುವಾಗ ಚಾಲಕರು ಹಾಡು ತಗ್ಗಿಸುವುದು, ಜಾತ್ರೆ, ಮದುವೆ, ಭಜನೆಗಳಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸುವುದು, ಇದಕ್ಕೆ ಹಣ ಬೇಕಿಲ್ಲ. ಪ್ರತಿ ಓಣಿಯಲ್ಲಿಯೂ ರಕ್ತದೊತ್ತಡದ ಮಾತ್ರೆ ನುಂಗಿ ಮಲಗಿದ ಒಬ್ಬ ಹಿರಿಯರಿದ್ದಾರೆ. ಅವರ ನಿದ್ರೆಯನ್ನು ಕಾಯುವ ಕೆಲಸವನ್ನು ಸದ್ಭಕ್ತರು ತಮ್ಮ ಮನೆಯಿಂದಲೇ ಆರಂಭಿಸಬೇಕೆಂದು ಕೋರುತ್ತೇವೆ.